ಕೊನೇ ಕಂತು ಕೊಡುವ ಮುನ್ನ: ಹೊಸ ಮನೆಯ ದೋಷ ಪತ್ತೆ, ಮಲೆನಾಡಿನವರಿಗೆ

ಹೊಸ ಮನೆ ನೋಡಲು ಹೆಚ್ಚಿನವರು ಹೋಗುವುದು ಬೇಸಿಗೆಯಲ್ಲಿ. ಮಾರ್ಚ್-ಏಪ್ರಿಲ್‌ನಲ್ಲಿ ಗೋಡೆ ಒಣಗಿರುತ್ತದೆ, ಬಣ್ಣ ಹೊಸದಾಗಿರುತ್ತದೆ, ಬಾಗಿಲು ಸಲೀಸಾಗಿ ತೆರೆಯುತ್ತದೆ. ಗೃಹಪ್ರವೇಶ ಮುಗಿದು ಆರಿದ್ರಾ ಮಳೆ ಹಿಡಿದ ಮೇಲೆ ಅಡುಗೆಮನೆ ಗೋಡೆಯಲ್ಲಿ ಬೂಸ್ಟು ಕಾಣುತ್ತದೆ. ಅಷ್ಟು ಹೊತ್ತಿಗೆ ದುಡ್ಡೆಲ್ಲ ಕೊಟ್ಟಾಗಿರುತ್ತದೆ.

ಶಿವಮೊಗ್ಗ ನಗರದಲ್ಲಿ ವರ್ಷಕ್ಕೆ ಸುಮಾರು ಸಾವಿರ ಮಿಲಿಮೀಟರ್ ಮಳೆಯಾದರೆ ಆಗುಂಬೆಯಲ್ಲಿ ಅದು ಏಳು ಸಾವಿರ ದಾಟುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರಗಳು ಇವೆರಡರ ನಡುವೆ ಬರುತ್ತವೆ. ಹಾಗಾಗಿ ನಮ್ಮ ಕಡೆ ಮನೆಯ ದೋಷಗಳಲ್ಲಿ ಬಹುಪಾಲು ಮೊದಲು ತೋರುವುದು ನೀರಿನ ಮೂಲಕ. ಸಾಧ್ಯವಿದ್ದರೆ ಪುನರ್ವಸು, ಪುಷ್ಯ ಮಳೆ ಸುರಿಯುವಾಗ, ಅಂದರೆ ಜುಲೈನಲ್ಲಿ, ಮನೆ ನೋಡಿ. ಆಗದಿದ್ದರೆ ಕೆಳಗೆ ಹೇಳಿರುವಂತೆ ಮಳೆಯ ಕೆಲಸವನ್ನು ಪೈಪಿನ ನೀರಿನಿಂದ ಮಾಡಿಸಿ.

ಜೊತೆಗೆ ಒಯ್ಯಬೇಕಾದ್ದು ಟಾರ್ಚು, ಅಳತೆ ಟೇಪು, ಒಂದಡಿ ರಸಮಟ್ಟ, ಒಂದು ನಾಣ್ಯ, ಪೆನ್ಸಿಲ್, ಹಳೇ ಎಟಿಎಂ ಕಾರ್ಡು, ದಪ್ಪ ಪ್ಲಾಸ್ಟಿಕ್ ಹಾಳೆ, ಅಂಟುಪಟ್ಟಿ ಮತ್ತು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ತ್ರೀಪಿನ್ ಟೆಸ್ಟರ್. ಮೊದಲ ಸುತ್ತಿಗೆ ಇಷ್ಟು ಸಾಕು. ನೋಡಿದ್ದಕ್ಕೆಲ್ಲ ತಾರೀಕು ಸಮೇತ ಫೋಟೋ ತೆಗೆಯಿರಿ.

ಗೋಡೆಯಲ್ಲಿ ಬಿರುಕು

ಬಿರುಕು ಕಂಡ ತಕ್ಷಣ ಹೆದರುವುದೂ ಬೇಡ, ‘ಹೊಸ ಮನೆ ಅಂದ್ಮೇಲೆ ಇದೆಲ್ಲ ಇದ್ದಿದ್ದೇ’ ಎಂಬ ಮೇಸ್ತ್ರಿಯ ಮಾತಿಗೆ ಒಪ್ಪಿ ಸುಮ್ಮನಾಗುವುದೂ ಬೇಡ. ಬಿರುಕು ಯಾವ ದಿಕ್ಕಿಗಿದೆ, ಎಲ್ಲಿಂದ ಹೊರಟಿದೆ, ಎಷ್ಟು ಅಗಲವಿದೆ ಎಂಬ ಮೂರು ವಿಷಯ ನೋಡಿದರೆ ಕಾರಣ ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಎಟಿಎಂ ಕಾರ್ಡಿನ ದಪ್ಪ ಮುಕ್ಕಾಲು ಮಿಲಿಮೀಟರ್. ಬಿರುಕಿನೊಳಗೆ ಕಾರ್ಡಿನ ಅಂಚು ಹೋಗದಿದ್ದರೆ, ಜೇಡರ ಬಲೆಯಂತೆ ಅಲ್ಲಲ್ಲಿ ಹರಡಿದ್ದರೆ, ಅದು ಪ್ಲಾಸ್ಟರಿಂಗ್ ಬೇಗ ಒಣಗಿದ್ದರಿಂದ ಆದದ್ದು. ಸಿಮೆಂಟು ಹೆಚ್ಚಾಗಿರಬಹುದು, ಇಲ್ಲವೇ ಗೋಡೆಗೆ ಸರಿಯಾಗಿ ನೀರು ಹೊಡೆದಿಲ್ಲ. ಮನೆಯ ಬಲಕ್ಕೆ ತೊಂದರೆಯಿಲ್ಲ. ಒಂದು ಮಳೆಗಾಲ ಕಳೆದ ಮೇಲೆ ಪುಟ್ಟಿ ತುಂಬಿಸಿ ಬಣ್ಣ ಹೊಡೆಸಿದರೆ ಆಯಿತು.

ಪಿಲ್ಲರು ಮತ್ತು ಗೋಡೆ ಸೇರುವಲ್ಲಿ ನೇರವಾಗಿ ಮೇಲಿಂದ ಕೆಳಗೆ ಬಂದ ಬಿರುಕು ತೀರಾ ಸಾಮಾನ್ಯ. ಕಾಂಕ್ರೀಟು, ಇಟ್ಟಿಗೆ ಬಿಸಿಲಿಗೆ ಒಂದೇ ಸಮನೆ ಹಿಗ್ಗುವುದಿಲ್ಲ. ಜಂಬಿಟ್ಟಿಗೆ ಕಲ್ಲಿನ ಗೋಡೆಯಾದರೂ ಅಷ್ಟೇ. ಆ ಕೂಡುಗೆರೆಯ ಮೇಲೆ ಕೋಳಿಜಾಲರಿ ಹೊಡೆಯದೆ ಗಾರೆ ಮೆತ್ತಿದರೆ ಬಿರಿಯುತ್ತದೆ. ಎರಡೂ ಬದಿಗೆ ಆರಾರು ಇಂಚು ಗಾರೆ ಕಿತ್ತು, ಒಂದಡಿ ಅಗಲದ ಜಾಲರಿ ಹೊಡೆದು, ಮತ್ತೆ ಗಾರೆ ಮಾಡಿಸುವುದೇ ಸರಿಯಾದ ದುರಸ್ತಿ. ಬರೀ ಪುಟ್ಟಿ ತುಂಬಿದರೆ ಬಿರುಕು ಮತ್ತೆ ಅದೇ ಜಾಗದಲ್ಲಿ ಬಾಯಿಬಿಡುತ್ತದೆ.

ಮೇಲಿನ ಮಹಡಿಯಲ್ಲಿ, ಮೋಲ್ಡಿನ (ಕಾಂಕ್ರೀಟು ಛಾವಣಿಯ) ಕೆಳಗೆ ಗೋಡೆಯುದ್ದಕ್ಕೂ ಅಡ್ಡ ಗೆರೆ ಬಿದ್ದಿದ್ದರೆ ಅದು ಬಿಸಿಲಿಗೆ ಮೋಲ್ಡು ಹಿಗ್ಗಿ ಕುಗ್ಗಿದ ಗುರುತು. ಮನೆ ಬೀಳುವುದಿಲ್ಲ, ಆದರೆ ಹೊರಗಿನಿಂದ ಮಳೆನೀರು ಆ ಗೆರೆ ಹಿಡಿದು ಒಳಗೆ ಬರುತ್ತದೆ. ಸಿಮೆಂಟು ತುಂಬಿದರೆ ನಿಲ್ಲುವುದಿಲ್ಲ. ರಬ್ಬರಿನಂತೆ ಎಳೆದುಕೊಳ್ಳುವ ಸೀಲೆಂಟ್ ಬೇಕು.

ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟ ಬಿರುಕನ್ನು ನಿಧಾನವಾಗಿ ನೋಡಿ. ಇದಕ್ಕೆ ಎರಡು ಕಾರಣಗಳಿರಬಹುದು. ಒಂದು, ಬಾಗಿಲು-ಕಿಟಕಿಯ ಮೇಲಿನ ಅಡ್ಡತೊಲೆಯಾದ ಲಿಂಟಲ್ ಎರಡೂ ಕಡೆ ಗೋಡೆಯ ಮೇಲೆ ಆರಿಂಚಾದರೂ ಕೂತಿಲ್ಲ. ಇನ್ನೊಂದು, ಪಾಯ ಒಂದು ಕಡೆ ಇಳಿಯುತ್ತಿದೆ. ಮೊದಲನೆಯದಾದರೆ ಬಿರುಕು ಲಿಂಟಲ್ಲಿನ ತುದಿಯಲ್ಲಿ ಶುರುವಾಗಿ ಒಂದೆರಡು ಅಡಿಗೆ ನಿಲ್ಲುತ್ತದೆ. ಎರಡನೆಯದಾದರೆ ಮೆಟ್ಟಿಲಿನಂತೆ ಕಲ್ಲಿನ ಸಂದುಗಳನ್ನು ಹಿಡಿದು ಸಾಗುತ್ತದೆ, ಗೋಡೆಯ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುತ್ತದೆ, ಒಂದು ತುದಿಯಲ್ಲಿ ಕಿರಿದಾಗಿದ್ದು ಇನ್ನೊಂದು ತುದಿಯಲ್ಲಿ ಅಗಲವಾಗಿರುತ್ತದೆ. ಹತ್ತಿರದ ಬಾಗಿಲೂ ಹಿಡಿಯಲು ಶುರುವಾಗಿದ್ದರೆ ಅನುಮಾನ ಗಟ್ಟಿಯಾಯಿತೆಂದೇ ಲೆಕ್ಕ.

ಇಲ್ಲಿ ನೆಲದ ಇತಿಹಾಸ ಕೇಳಬೇಕು. ಶಿವಮೊಗ್ಗದ ಸುತ್ತ ಎಷ್ಟೋ ಬಡಾವಣೆಗಳು ನಿನ್ನೆ ಮೊನ್ನೆಯವರೆಗೆ ಭತ್ತದ ಗದ್ದೆಗಳು. ಗದ್ದೆಯ ಜೇಡಿಮಣ್ಣಿನ ಮೇಲೆ ಗ್ರಾವೆಲ್ ತುಂಬಿಸಿ ಸೈಟು ಮಾಡಿರುತ್ತಾರೆ. ಪಾಯ ಆ ತುಂಬಿದ ಮಣ್ಣನ್ನು ದಾಟಿ ಕೆಳಗಿನ ಗಟ್ಟಿ ನೆಲ ಮುಟ್ಟದಿದ್ದರೆ ಮೊದಲ ಒಂದೆರಡು ಮಳೆಗಾಲದಲ್ಲೇ ಇಳಿಯುತ್ತದೆ. ಎರೆಮಣ್ಣಿನ ಜಾಗದಲ್ಲಿ ಬೇರೆ ಲಕ್ಷಣ ಕಾಣುತ್ತದೆ. ಬೇಸಿಗೆಯಲ್ಲಿ ಬಿರುಕು ತೆರೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತದೆ. ಪಕ್ಕದ ಮನೆಯವರನ್ನು ಕೇಳಿ, ಅವರ ಕಾಂಪೌಂಡು ಗೋಡೆ ನೋಡಿ. ಪಾಯ ಕಡಿಮೆ ಇರುವ ಕಾಂಪೌಂಡು ಮನೆಗಿಂತ ಮೊದಲು ಬಿರಿದಿರುತ್ತದೆ.

ಬಿರುಕು ಇನ್ನೂ ಬೆಳೆಯುತ್ತಿದೆಯೇ ಎಂದು ತಿಳಿಯಲು ಅದರ ಎರಡೂ ತುದಿಗೆ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಎಳೆದು ತಾರೀಕು ಬರೆಯಿರಿ. ಬಣ್ಣ ಕೆರೆದು, ಬಿರುಕಿಗೆ ಅಡ್ಡಲಾಗಿ ಎರಡು ಮೂರು ಇಂಚಿನ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಯಲ್ಲಿ ಅರಾಲ್ಡೈಟ್ ಹಾಕಿ ಅಂಟಿಸಿ. ಗಾಜು ಸೀಳಿದರೆ ಗೋಡೆ ಅಲುಗುತ್ತಿದೆ ಎಂದರ್ಥ. ಬಿಲ್ಡರ್ ಇದಕ್ಕೆ ಬೇಡವೆಂದರೆ ಆ ನಿರಾಕರಣೆಯನ್ನೂ ಬರೆದಿಟ್ಟುಕೊಳ್ಳಿ.

ಇಲ್ಲಿಗೆ ನಿಲ್ಲಿಸಿ: ಬಿರುಕು 3 ಮಿಲಿಮೀಟರ್ ದಾಟಿದ್ದರೆ, ಬೀಮ್, ಪಿಲ್ಲರ್ ಅಥವಾ ಮೋಲ್ಡಿನಲ್ಲೇ ಇದ್ದರೆ, ಅಥವಾ ಗಾಜು ಸೀಳಿದ್ದರೆ ಮುಂದಿನದು ಸ್ಟ್ರಕ್ಚರಲ್ ಎಂಜಿನಿಯರ್ ಕೆಲಸ. ಬೀಮು ಪಿಲ್ಲರಿಗೆ ಸೇರುವ ಹತ್ತಿರ ಓರೆಯಾಗಿ ಸೀಳಿದ್ದರೆ ಅದರ ಕೆಳಗೆ ಯಾರೂ ಮಲಗಬಾರದು, ಮೇಲೆ ಭಾರ ಇಡಬಾರದು. ‘ಒಡೆದು ನೋಡೋಣ’ ಎಂದು ಉಳಿ ಹಿಡಿದವರನ್ನು ತಡೆಯಿರಿ. ಕೆಳಗೆ ಜಾಕಿ (ಆಸರೆ ಕಂಬ) ಕೊಡದೆ ಆ ಕಾಂಕ್ರೀಟು ಮುಟ್ಟುವುದು ಅಪಾಯ.

ಬೀಮಿನ ತಳದಲ್ಲಿ, ಮೆಟ್ಟಿಲಿನ ಅಡಿಯಲ್ಲಿ, ಸಂಪಿನ ಒಳಗೆ ಟಾರ್ಚು ಬಿಟ್ಟು ನೋಡಿ. ಗಾರೆ ಮಾಡದ ಇಂಥ ಕಡೆ ಕಾಂಕ್ರೀಟು ಜೇನುಗೂಡಿನಂತೆ ತೂತುತೂತಾಗಿದ್ದರೆ ಹಾಕುವಾಗ ವೈಬ್ರೇಟರ್ ಸರಿಯಾಗಿ ಬಿಟ್ಟಿಲ್ಲ. ಮೋಲ್ಡಿನಲ್ಲಿ ಕಂಬಿಯ ಹೊರಗೆ 20 ಮಿಲಿಮೀಟರ್, ಪಿಲ್ಲರಿನಲ್ಲಿ 40 ಮಿಲಿಮೀಟರ್ ಕಾಂಕ್ರೀಟು ಇರಬೇಕು. ಕಂಬಿಯೇ ಕಣ್ಣಿಗೆ ಕಂಡರೆ ನಮ್ಮ ಹವೆಯಲ್ಲಿ ತುಕ್ಕು ಬೇಗ ಶುರುವಾಗುತ್ತದೆ.

ಗೋಡೆಯ ಬುಡ ಒದ್ದೆ, ಬಣ್ಣ ಪದರ ಪದರ ಏಳುತ್ತಿದೆ

ನೆಲದಿಂದ ಎರಡು ಮೂರಡಿ ಎತ್ತರಕ್ಕೆ ಗೆರೆ ಕೊರೆದಂತೆ ಒದ್ದೆ, ಅಂಚಿನಲ್ಲಿ ಉಪ್ಪಿನಂಥ ಬಿಳಿ ಪುಡಿ ಇದ್ದರೆ ನೆಲದ ನೀರು ಗೋಡೆಯೊಳಗೆ ಏರುತ್ತಿದೆ. ಪಾಯದ ಮೇಲೆ ಹಾಕಬೇಕಾದ ತೇವತಡೆ ಪದರ ಇಲ್ಲ, ಅಥವಾ ಅದರ ಮೇಲಕ್ಕೆ ಹೊರಗಿನ ಮಣ್ಣು ಬಂದಿದೆ. ಒದ್ದೆ ಒಂದೇ ಕಡೆ ಉಂಡೆಯಾಗಿದ್ದು ಮಳೆ-ಬಿಸಿಲಿಗೆ ಬದಲಾಗದಿದ್ದರೆ ಒಳಗಿನ ಪೈಪು ಸೋರುತ್ತಿದೆ. ಮನೆಯೆಲ್ಲ ಒಂದೇ ರೀತಿ ತಂಪಾಗಿದ್ದು, ಗೆರೆಯಿಲ್ಲದೆ, ತಿಂಗಳು ಕಳೆದಂತೆ ಕಡಿಮೆಯಾಗುತ್ತಿದ್ದರೆ ಅದು ಗಾರೆಯಲ್ಲೇ ಉಳಿದ ನೀರು. ಹಸಿ ಗೋಡೆಗೆ ಅವಸರದಲ್ಲಿ ಬಣ್ಣ ಹೊಡೆದರೆ ಹೀಗಾಗುತ್ತದೆ.

ಮೊದಲು ಖರ್ಚಿಲ್ಲದ ಪರೀಕ್ಷೆ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಅಂಟುಪಟ್ಟಿ ಹಚ್ಚಿ ಎರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಬದಿಯಲ್ಲಿ ಹನಿ ಇದ್ದರೆ ಕೋಣೆಯ ಗಾಳಿಯ ತೇವ, ಅದಕ್ಕೆ ಕಿಟಕಿ ತೆರೆದು ಗಾಳಿಯಾಡಿಸಿದರೆ ಸಾಕು. ಆಮೇಲೆ ಹೊರಗೆ ಹೋಗಿ ಪ್ಲಿಂತ್ ಅಳೆಯಿರಿ. ಒಳಗಿನ ನೆಲ ಸುತ್ತಲಿನ ಮಣ್ಣಿಗಿಂತ ಕನಿಷ್ಠ ಒಂದೂವರೆ ಅಡಿ ಎತ್ತರವಿರಬೇಕು. ತೀರ್ಥಹಳ್ಳಿ, ಆಗುಂಬೆ ಕಡೆ ಎರಡಡಿಗಿಂತ ಕಡಿಮೆ ನಾವು ಒಪ್ಪುವುದಿಲ್ಲ. ಸೂರಿನ ನೀರು ನೆಲಕ್ಕೆ ಬಿದ್ದು ಗೋಡೆಗೆ ಸಿಡಿಯುತ್ತಿದೆಯೇ, ಗೋಡೆಗೆ ಒತ್ತಿ ಹೂವಿನ ಪಾತಿ ಮಾಡಿದ್ದಾರೆಯೇ ನೋಡಿ. ಎಷ್ಟೋ ಸಲ ಮಣ್ಣು ತೆಗೆಸಿ, ಸೂರಿಗೆ ದೋಣಿ ಕಟ್ಟಿಸಿ, ಬುಡಕ್ಕೆ ಹೊರವಾಟ ಇರುವ ಕಾಂಕ್ರೀಟು ಹಾಸಿದರೆ ಮುಗಿಯುತ್ತದೆ. ಒಳಗೆ ವಾಟರ್‌ಪ್ರೂಫ್ ಬಣ್ಣ ಬಳಿದರೆ ನೀರು ನಿಲ್ಲದೆ ಇನ್ನೂ ಮೇಲಕ್ಕೆ ಹತ್ತುತ್ತದೆ.

ಗುಡ್ಡ ಕಡಿದು ಕಟ್ಟಿದ ಮನೆಯಲ್ಲಿ ಆಗಸ್ಟ್ ಹೊತ್ತಿಗೆ ನೆಲದ ಟೈಲ್ಸ್ ಸಂದಿನಿಂದಲೇ ನೀರು ಒಸರುವುದುಂಟು. ಅದು ಒರತೆ. ಒಳಗೆ ಏನು ಬಳಿದರೂ ನಿಲ್ಲದು. ಮನೆಯ ಮೇಲುಗಡೆ, ಪಾಯದ ಮಟ್ಟಕ್ಕಿಂತ ಆಳವಾಗಿ, ಜಲ್ಲಿ ತುಂಬಿದ ಬಸಿಗಾಲುವೆ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಆಳ, ದೂರ ಎಂಜಿನಿಯರ್ ನಿರ್ಧರಿಸಲಿ. ಪಾಯದ ಬುಡಕ್ಕೇ ತೋಡಿದರೆ ಪಾಯ ಸಡಿಲವಾಗುತ್ತದೆ.

ಮಳೆಗೆ ಗೋಡೆ, ಸೀಲಿಂಗ್ ಒದ್ದೆ

ಮಳೆಗಾಳಿ ಬೀಸುವುದು ಪಶ್ಚಿಮ, ನೈಋತ್ಯದಿಂದ. ಒದ್ದೆ ಆ ಕಡೆಯ ಗೋಡೆಯಲ್ಲಿ ಮಾತ್ರ ಇದ್ದರೆ ಕಿಟಕಿ, ಸಜ್ಜಾ, ಹೊರಗಾರೆ ನೋಡಿ. ಸಜ್ಜಾದ ಅಡಿಯಲ್ಲಿ ಅಂಚಿನುದ್ದಕ್ಕೂ ನೀರು ಕಡಿಯುವ ಸಣ್ಣ ತೋಡು ಇರಬೇಕು. ಇಲ್ಲದಿದ್ದರೆ ನೀರು ತಳ ಹಿಡಿದು ಗೋಡೆಗೆ ಬರುತ್ತದೆ. ಕಿಟಕಿಯ ಕೆಳಗಿನ ಕಲ್ಲಿಗೆ ಹೊರಗಡೆ ವಾಟ ಇರಬೇಕು. ಬೇಸಿಗೆಯಲ್ಲಿ ಪರೀಕ್ಷಿಸುವುದಾದರೆ ಪೈಪಿನಿಂದ ಗೋಡೆಗೆ ನೀರು ಬಿಡಿ. ಕೆಳಗಿನಿಂದ ಶುರುಮಾಡಿ, ಒಂದೊಂದು ಮಟ್ಟಕ್ಕೆ 15 ನಿಮಿಷ ಕೊಟ್ಟು ಮೇಲಕ್ಕೆ ಹೋಗಿ. ಮೇಲಿಂದ ಶುರುಮಾಡಿದರೆ ನೀರು ಎಲ್ಲಿ ಹೊಕ್ಕಿತೆಂದು ತಿಳಿಯುವುದೇ ಇಲ್ಲ. ಒಳಗೊಬ್ಬರು ಟಾರ್ಚು ಹಿಡಿದು ನಿಂತಿರಲಿ. ಆ ಗೋಡೆಯ ಸ್ವಿಚ್ ಬೋರ್ಡಿನ ಕರೆಂಟ್ ಮೊದಲೇ ತೆಗೆದಿರಬೇಕು.

ತಾರಸಿಗೆ ಹತ್ತಡಿಗೆ ಸುಮಾರು ಒಂದೂಕಾಲು ಇಂಚು ವಾಟ ಬೇಕು. ಮಳೆ ನಿಂತ ಮರುದಿನವೂ ನೀರು ನಿಂತಿದ್ದರೆ ಅಥವಾ ಹಾವಸೆ ಹಿಡಿದಿದ್ದರೆ ವಾಟ ತಪ್ಪಿದೆ. ನೀರು ಕಟ್ಟಿ ನೋಡುವುದು ಮುಂದಿನ ಹೆಜ್ಜೆ. ಹೊರಹೋಗುವ ಪೈಪುಗಳನ್ನು ಮುಚ್ಚಿ, ಒಂದರಿಂದ ಎರಡು ಇಂಚು ನೀರು ನಿಲ್ಲಿಸಿ, 48 ಗಂಟೆ ಬಿಟ್ಟು ಕೆಳಗಿನ ಸೀಲಿಂಗ್ ನೋಡಬೇಕು. ಎರಡು ಇಂಚು ನೀರೆಂದರೆ ಚದರ ಮೀಟರಿಗೆ 50 ಕಿಲೋ ಭಾರ. ಅದಕ್ಕಿಂತ ಹೆಚ್ಚು ಕಟ್ಟಬೇಡಿ. ಮೋಲ್ಡಿನಲ್ಲಿ ಬಿರುಕು ಕಂಡಿದ್ದರೆ ಈ ಪರೀಕ್ಷೆಯನ್ನೇ ಮಾಡಬೇಡಿ.

ಮಾರಾಟಕ್ಕಿರುವ ಎಷ್ಟೋ ಮನೆಗಳ ತಾರಸಿಗೆ ಈಗ ಶೀಟಿನ ಮಾಡು ಹಾಕಿರುತ್ತಾರೆ. ನಮ್ಮ ಮಳೆಗೆ ಅದು ಒಳ್ಳೆಯದೇ. ಆದರೆ ಸೋರುವ ಮೋಲ್ಡನ್ನು ಮುಚ್ಚಲು ಹಾಕಿದ್ದೋ, ಮೊದಲೇ ಯೋಜಿಸಿದ್ದೋ ಎಂದು ತಿಳಿಯಲು ಕೆಳಗಿನ ಸೀಲಿಂಗಿನಲ್ಲಿ ಹಳೇ ಕಂದು ಕಲೆ ಹುಡುಕಿ. ಶೀಟಿನ ಕಂಬಗಳನ್ನು ಮೋಲ್ಡಿಗೆ ಬೋಲ್ಟು ಮಾಡಿದ ಜಾಗದಲ್ಲಿ ವಾಟರ್‌ಪ್ರೂಫಿಂಗ್ ತೂತಾಗಿರುತ್ತದೆ. ಎರಚಲು ಹೊಡೆದಾಗ ನೀರು ಇಳಿಯುವುದು ಅಲ್ಲಿಂದಲೇ. ಒದ್ದೆ ಶೀಟಿನ ಮೇಲೆ ನೀವು ಹತ್ತಬೇಡಿ.

ಬಾತ್‌ರೂಮಿನ ಕೆಳಗೆ ಕಲೆ

ತೊಟ್ಟಿಕ್ಕುವ ಸಮಯವೇ ಸುಳಿವು. ಹಗಲೂ ರಾತ್ರಿ ಒಂದೇ ಸಮನೆ ತೊಟ್ಟಿಕ್ಕಿದರೆ ಒತ್ತಡದಲ್ಲಿರುವ ನೀರಿನ ಪೈಪು ಸೋರುತ್ತಿದೆ. ಆ ಬಾತ್‌ರೂಮಿನ ವಾಲ್ವ್ ಮುಚ್ಚಿ, ನಿಂತರೆ ಖಚಿತ. ಸ್ನಾನ ಮಾಡಿದಾಗ ಮಾತ್ರ ಬಂದರೆ ನೆಲದ ವಾಟರ್‌ಪ್ರೂಫಿಂಗ್ ಅಥವಾ ನಹಾನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಜಾಲರಿಯ) ಸುತ್ತಲ ಸಂದು. ವಾಸನೆ ಇದ್ದರೆ ಕಮೋಡಿನ ಪೈಪು. ಆಮೇಲೆ ಟ್ರ್ಯಾಪಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆ ತುರುಕಿ, ಒಂದಿಂಚು ನೀರು ನಿಲ್ಲಿಸಿ, ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬಿಟ್ಟು 24 ಗಂಟೆ ಕಾಯಿರಿ. ಕೆಳಗೆ ನೀಲಿ ಬಣ್ಣ ಬಂದರೆ ವಾದಕ್ಕೆ ಜಾಗವಿಲ್ಲ. ಟೈಲ್ಸ್ ಸಂದಿಗೆ ಬಿಳಿ ಸಿಮೆಂಟು ತುಂಬಿ ಕೈತೊಳೆದುಕೊಳ್ಳುವ ದುರಸ್ತಿ ಒಪ್ಪಬೇಡಿ. ನೆಲ ಕಿತ್ತು ಪದರ ಹೊಸದಾಗಿ ಹಾಕಿ, ಟೈಲ್ಸ್ ಕೂರಿಸುವ ಮೊದಲು ನಿಮ್ಮೆದುರೇ ನೀರು ನಿಲ್ಲಿಸಿ ತೋರಿಸಬೇಕು.

ಟೈಲ್ಸ್ ಪೊಳ್ಳು ಸದ್ದು, ಬಾಗಿಲು ಹಿಡಿಯುವುದು, ಗೆದ್ದಲು

ನಾಣ್ಯದಿಂದ ಟೈಲ್ಸ್ ಬಡಿಯಿರಿ. ಪೊಳ್ಳು ಸದ್ದು ಬಂದಲ್ಲಿ ಪೆನ್ಸಿಲ್ ಗುರುತು ಹಾಕಿ. ಅಲ್ಲೊಂದು ಇಲ್ಲೊಂದಾದರೆ ಗಾರೆ ಸರಿಯಾಗಿ ಹರಡಿಲ್ಲ, ಬದಲಿಸಿದರೆ ಸರಿ. ಕೋಣೆಯ ಒಂದೇ ಬದಿಯಲ್ಲಿ ಸಾಲಾಗಿ ಪೊಳ್ಳಿದ್ದು, ಗೋಡೆಯಂಚಿನ ಪಟ್ಟಿಯ ಕೆಳಗೆ ಸಂದು ಬಿಟ್ಟಿದ್ದರೆ, ನೆಲದಡಿಯ ಮಣ್ಣು ದಮ್ಮಸ್ಸು ಮಾಡದೆ ಕುಸಿದಿದೆ.

ಮಳೆಗಾಲದಲ್ಲಿ ಮಾತ್ರ ಹಿಡಿಯುವ ಬಾಗಿಲು ಹಸಿ ಮರದ್ದು. ತೇಗವೆಂದು ಬೆಲೆ ಕೊಟ್ಟಿದ್ದರೆ ಮರ ಬಲ್ಲ ಬಡಗಿಗೆ ತೋರಿಸಿ. ಎಲ್ಲ ಕಾಲದಲ್ಲೂ ಹಿಡಿದರೆ ಚೌಕಟ್ಟಿಗೆ ರಸಮಟ್ಟ ಇಟ್ಟು ನೋಡಿ, ಬಿರುಕಿನ ವಿಭಾಗಕ್ಕೆ ವಾಪಸು ಹೋಗಿ. ಚೌಕಟ್ಟಿನ ಬುಡದಲ್ಲಿ ಮಣ್ಣಿನ ದಾರಿ ಕಂಡರೆ ಮಧ್ಯದಲ್ಲಿ ಒಂದಿಂಚು ಒಡೆದು ಬಿಡಿ. ನಾಲ್ಕು ದಿನದಲ್ಲಿ ಮತ್ತೆ ಕಟ್ಟಿದ್ದರೆ ಗೆದ್ದಲು ಜೀವಂತವಿದೆ.

ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ

ತಕ್ಷಣ ಮೇನ್ ಸ್ವಿಚ್ ತೆಗೆಯಿರಿ. ಗೀಸರ್, ಪಂಪು, ಒದ್ದೆ ಗೋಡೆ ಯಾವುದನ್ನೂ ಮುಟ್ಟಬೇಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬರುವವರೆಗೆ ಮನೆಯವರ ಕೆಲಸ ಇಷ್ಟೇ.

ಜುಮ್ಮೆನ್ನದಿದ್ದರೂ ಪ್ರತಿ ಪ್ಲಗ್ಗಿಗೆ ತ್ರೀಪಿನ್ ಟೆಸ್ಟರ್ ಹಾಕಿ ನೋಡಿ. ಅರ್ತಿಂಗ್ ಇಲ್ಲವೆಂದು ತೋರಿದ ಪ್ಲಗ್ಗುಗಳ ಪಟ್ಟಿ ಮಾಡಿ. ಬೋರ್ಡಿನಲ್ಲಿ, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಬೇಕು. ಅದರ ಟೆಸ್ಟ್ ಗುಂಡಿ ಒತ್ತಿದಾಗ ಕರೆಂಟ್ ಹೋಗಬೇಕು. ಆ ಗುಂಡಿ ಸಾಧನವನ್ನು ಮಾತ್ರ ಪರೀಕ್ಷಿಸುತ್ತದೆ, ಅರ್ತಿಂಗನ್ನಲ್ಲ. ಅರ್ತಿಂಗಿಗೆ ನೆಲದಲ್ಲಿ ತೋಡಿದ ಹಳ್ಳ ಎಲ್ಲಿದೆಯೆಂದು ಕೇಳಿ, ಅದರ ಪ್ರತಿರೋಧವನ್ನು ಮೀಟರಿನಲ್ಲಿ ಅಳೆಸಿ. 5 ಓಮ್ ಒಳಗಿದ್ದರೆ ಒಳ್ಳೆಯದು. ಬೇಸಿಗೆಯಲ್ಲೇ ಅಳೆಯುವುದು ಉತ್ತಮ, ಮಳೆಗಾಲದ ಒದ್ದೆ ನೆಲದಲ್ಲಿ ಕೆಟ್ಟ ಅರ್ತಿಂಗೂ ಚೆನ್ನಾಗಿ ಕಾಣುತ್ತದೆ. ಗೀಸರಿನ ಲೈನಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರು ಎಳೆದಿದ್ದಾರೆಯೇ ನೋಡಿಸಿ. ಮೆಸ್ಕಾಂ ಸಂಪರ್ಕ ಕಾಯಂ ಆಗಿದೆಯೋ, ಇನ್ನೂ ಕಟ್ಟಡ ಕೆಲಸದ ತಾತ್ಕಾಲಿಕ ಮೀಟರಿನಲ್ಲೇ ನಡೆಯುತ್ತಿದೆಯೋ ಎಂಬುದನ್ನು ಆರ್‌.ಆರ್. ನಂಬರ್ ಹಿಡಿದು ವಿಚಾರಿಸಿ.

ಮನೆ ಹಿಂದಿನ ದರೆ

ಮನೆಯೊಳಗೆ ಎಲ್ಲ ಸರಿಯಿದ್ದರೂ ಹಿಂದಿನ ದರೆ (ಗುಡ್ಡ ಕಡಿದ ಅಂಚು) ಸರಿಯಿಲ್ಲದಿದ್ದರೆ ಆ ಮನೆ ಕೊಳ್ಳಬಾರದು. ಇಡೀ ಪಟ್ಟಿಯಲ್ಲಿ ಜೀವಕ್ಕೆ ನೇರವಾಗಿ ಕುತ್ತು ತರುವ ದೋಷಗಳಲ್ಲಿ ಇದು ಮುಖ್ಯವಾದದ್ದು, ಮತ್ತು ಕೊಳ್ಳುವವರು ತಿರುಗಿಯೂ ನೋಡದೇ ಇರುವಂಥದ್ದು.

ಜೆಸಿಬಿಯಲ್ಲಿ ಗುಡ್ಡವನ್ನು ನೆಟ್ಟಗೆ ಕಡಿದಾಗ ಮೇಲಿನ ಕೆಂಪು ಜಂಬಿಟ್ಟಿಗೆ ಪದರ ಗೋಡೆಯಂತೆ ನಿಲ್ಲುತ್ತದೆ. ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿಮಣ್ಣು ಇದ್ದರೆ ಎಚ್ಚರ. ಒಣಗಿದಾಗ ಗಟ್ಟಿಯಾಗಿರುವ ಆ ಮಣ್ಣು ನೀರು ಕುಡಿದರೆ ಹಿಟ್ಟಾಗಿ ಜಾರುತ್ತದೆ, ಮೇಲಿನ ಪದರ ಅದರೊಡನೆ ಬರುತ್ತದೆ. ಒಂದು ಚೂರು ತೆಗೆದು ಲೋಟದ ನೀರಿಗೆ ಹಾಕಿ. ಕೆಲ ನಿಮಿಷದಲ್ಲಿ ಕರಗಿ ತಳದಲ್ಲಿ ಕೆಸರಾದರೆ ಅದರ ಮೇಲೆ ಭರವಸೆ ಇಡುವಂತಿಲ್ಲ.

ದರೆಯ ಎತ್ತರ, ಮನೆಗೂ ಅದಕ್ಕೂ ಇರುವ ದೂರ ಅಳೆಯಿರಿ. ಎತ್ತರಕ್ಕಿಂತ ದೂರ ಕಡಿಮೆಯಿದ್ದರೆ, ತಡೆಗೋಡೆಯಿದ್ದರೂ ಪರಿಣತರಿಗೆ ತೋರಿಸದೆ ಮುಂದುವರಿಯಬೇಡಿ. ತಡೆಗೋಡೆ ಇದ್ದಲ್ಲಿ ಅದರ ನೀರುಕಿಂಡಿಗಳನ್ನು ಜೋರು ಮಳೆಯಲ್ಲಿ ನೋಡಬೇಕು. ಎಲ್ಲ ಕಿಂಡಿಗಳೂ ಒಣಗಿದ್ದರೆ ಸಂತೋಷಪಡಬೇಡಿ, ಹಿಂದೆ ಜಲ್ಲಿ ತುಂಬದೆ ಬರೀ ಮಣ್ಣು ತುಂಬಿ ಅವು ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಆಗ ನೀರಿನ ಒತ್ತಡವೆಲ್ಲ ಗೋಡೆಯ ಮೇಲೆ. ಗೋಡೆಯ ಹೊಟ್ಟೆ ಉಬ್ಬಿದೆಯೇ ಎಂದು ದಾರ ಹಿಡಿದು ನೋಡಿ. ನಂತರ ದರೆಯ ಮೇಲಕ್ಕೆ ಪಕ್ಕದಿಂದ ಸುತ್ತಿ ಹೋಗಿ. ಅಂಚಿಗೆ ಹೋಗಬೇಡಿ. ಬಿಲ್ಲಿನಂತೆ ಬಾಗಿದ ಬಿರುಕು ನೆಲದಲ್ಲಿದ್ದರೆ, ಅಡಿಕೆ ಮರ, ಲೈಟ್ ಕಂಬ ಹೊಸದಾಗಿ ವಾಲಿದ್ದರೆ, ಮೇಲಿನ ತೋಟದ ಕಾಲುವೆ ನೀರು ಅಲ್ಲೇ ಇಂಗುತ್ತಿದ್ದರೆ ದರೆ ಜಾರಲು ಶುರುವಾಗಿದೆ.

ಮಳೆಯ ನಡುವೆ ದರೆಯಿಂದ ತಿಳಿನೀರಿನ ಬದಲು ಕೆಸರುನೀರು ಬರತೊಡಗಿದರೆ ಅಥವಾ ಸಣ್ಣ ಕಲ್ಲು ಉದುರತೊಡಗಿದರೆ ಸಾಮಾನು ನೋಡದೆ ಎಲ್ಲರೂ ಹೊರಬನ್ನಿ. 112 ಅಥವಾ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ. ಬುಡದಲ್ಲಿ ಬಿದ್ದ ಮಣ್ಣನ್ನು ಮಳೆಗಾಲದಲ್ಲಿ ತೆಗೆಸಬೇಡಿ, ಮೇಲಿನದಕ್ಕೆ ಈಗ ಅದೇ ಆಧಾರ.

ದರೆ ನೋಡುವಾಗಲೇ ಬಾವಿಯನ್ನೂ ನೋಡಿ. ಬಾವಿಗೂ ಶೌಚಾಲಯದ ಇಂಗುಗುಂಡಿಗೂ ಕನಿಷ್ಠ 18 ಮೀಟರ್, ಅಂದರೆ 60 ಅಡಿ ಅಂತರ ಬೇಕು. ನಿಮ್ಮ ಬಾವಿಗಿಂತ ಮೇಲುಗಡೆ ಪಕ್ಕದವರ ಗುಂಡಿ ಇದೆಯೇ ಎಂದೂ ಕೇಳಿ. ಮಳೆಗಾಲದಲ್ಲಿ ನೀರಿಗೆ ವಾಸನೆ ಬಂದರೆ ಕುದಿಸುವುದಷ್ಟೇ ಸಾಲದು, ಪ್ರಯೋಗಾಲಯಕ್ಕೆ ಕೊಡಿ.

ಯಾರನ್ನು ಕರೆಸಬೇಕು, ಏನು ಬರೆಸಬೇಕು

ಬಿಲ್ಡರಿನ ಎಂಜಿನಿಯರ್, ಬ್ಯಾಂಕಿನ ಮೌಲ್ಯಮಾಪಕ ಇಬ್ಬರೂ ನಿಮ್ಮ ಪರವಾಗಿ ಬಂದವರಲ್ಲ. ಬ್ಯಾಂಕಿನವರು ಸಾಲಕ್ಕೆ ಮನೆ ಬೆಲೆ ಬಾಳುತ್ತದೆಯೇ ಎಂದು ನೋಡುತ್ತಾರೆ, ಬಾತ್‌ರೂಮಿಗೆ ನೀರು ಕಟ್ಟಿ ನೋಡುವುದಿಲ್ಲ. ಸಾಧ್ಯವಾದರೆ ಬೇರೆ ಊರಿನ, ಆ ಬಿಲ್ಡರಿನಿಂದ ಕೆಲಸ ಪಡೆಯದ ಸಿವಿಲ್ ಎಂಜಿನಿಯರ್‌ಗೆ ನೀವೇ ಶುಲ್ಕ ಕೊಟ್ಟು ಕರೆಸಿ. ದುರಸ್ತಿ ಗುತ್ತಿಗೆಯನ್ನೂ ತಾವೇ ಮಾಡುತ್ತೇವೆನ್ನುವವರು ಪರಿಶೀಲನೆಗೆ ಬೇಡ. ಮನೆ ಇನ್ನೂ ಕಟ್ಟುತ್ತಿದ್ದರೆ ಗಾರೆಗೆ ಮುಂಚೆ ಒಮ್ಮೆ, ಬಣ್ಣಕ್ಕೆ ಮುಂಚೆ ಒಮ್ಮೆ ತೋರಿಸಿ.

ಅವರ ಕೈಗೆ ಅನುಮೋದಿತ ನಕ್ಷೆ, ಕಂಬಿಯ ವಿವರವಿರುವ ಸ್ಟ್ರಕ್ಚರಲ್ ನಕ್ಷೆ, ಮಣ್ಣು ಪರೀಕ್ಷೆ ಮತ್ತು ಕಾಂಕ್ರೀಟ್ ಕ್ಯೂಬ್ ಪರೀಕ್ಷೆಯ ವರದಿ, ಗೋಡೆ ಮುಚ್ಚುವ ಮೊದಲಿನ ಪೈಪ್-ವೈರಿಂಗ್ ಫೋಟೋ ಕೊಡಿ. ಇಲ್ಲದ ಕಾಗದದ ಹೆಸರು ವರದಿಯಲ್ಲಿ ದಾಖಲಾಗಲಿ. ಕಾಂಕ್ರೀಟಿನ ಬಗ್ಗೆ ಅನುಮಾನವಿದ್ದರೆ ಸ್ಪ್ರಿಂಗ್ ಸುತ್ತಿಗೆ ಬಡಿದು ಬಲ ಅಂದಾಜಿಸುವ ರೀಬೌಂಡ್ ಹ್ಯಾಮರ್ ಪರೀಕ್ಷೆ ಅಗ್ಗದ್ದು. ಆದರೆ ಅದರ ಅಂದಾಜು ಶೇ. 25ರಷ್ಟು ಆಚೀಚೆ ಆಗಬಹುದು, ಗಾರೆಯ ಮೇಲೆ ಹೊಡೆದರೆ ಅರ್ಥವೇ ಇಲ್ಲ. ಅದರ ಮೇಲೂ ಸಂಶಯ ಉಳಿದರೆ ಅಲ್ಟ್ರಾಸಾನಿಕ್ ಪರೀಕ್ಷೆ, ಕಟ್ಟಕಡೆಗೆ ಕೋರ್ (ಕಾಂಕ್ರೀಟು ಕೊರೆದ ತುಂಡು) ತೆಗೆಯುವುದು. ಪ್ರತಿ ದೋಷಕ್ಕೂ ಜಾಗ, ಫೋಟೋ, ಕಾರಣ, ದುರಸ್ತಿಯ ವಿಧಾನ, ಎಷ್ಟು ತುರ್ತು ಎಂಬುದು ವರದಿಯಲ್ಲಿರಬೇಕು. ‘ಸಣ್ಣಪುಟ್ಟ ಬಿರುಕುಗಳಿವೆ’ ಎಂಬ ಒಂದು ಸಾಲು ಯಾರ ಮುಂದೆಯೂ ನಿಲ್ಲುವುದಿಲ್ಲ.

2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ತಿಳಿಸಿದ ರಚನೆಯ ಅಥವಾ ಕಾಮಗಾರಿಯ ದೋಷವನ್ನು ಬಿಲ್ಡರ್ 30 ದಿನದಲ್ಲಿ ಖರ್ಚಿಲ್ಲದೆ ಸರಿಪಡಿಸಬೇಕು. ಆದರೆ 500 ಚದರ ಮೀಟರ್ ಮೀರದ ಜಾಗದ ಅಥವಾ ಎಂಟು ಮನೆ ಮೀರದ ಯೋಜನೆಗೆ ರೇರಾ ನೋಂದಣಿ ಕಡ್ಡಾಯವಿಲ್ಲ. 30×40 ಸೈಟಿನಲ್ಲಿ ಕಟ್ಟಿ ಮಾರುವ ಬಿಡಿಮನೆ ಹೆಚ್ಚಾಗಿ ಈ ಗುಂಪಿನದೇ, ಏಕೆಂದರೆ ಅದರ ಅಳತೆ 112 ಚದರ ಮೀಟರ್ ಕೂಡ ಇಲ್ಲ. ಅಂಥ ಕಡೆ ಇದೇ ಐದು ವರ್ಷ, ಇದೇ 30 ದಿನದ ಮಾತನ್ನು ಮಾರಾಟದ ಕರಾರಿನಲ್ಲೇ ಬರೆಸಿ. ಆಮೇಲೂ ತಕರಾರು ಬಂದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಮೊತ್ತ 50 ಲಕ್ಷದವರೆಗಿದ್ದರೆ ಅಲ್ಲಿ, ಮೀರಿದರೆ ಎರಡು ಕೋಟಿಯವರೆಗೆ ರಾಜ್ಯ ಆಯೋಗದಲ್ಲಿ, ಎರಡು ವರ್ಷದೊಳಗೆ ದೂರು ಕೊಡಬೇಕು.

ವರದಿಯನ್ನು ಬಿಲ್ಡರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಇಮೇಲಿನಲ್ಲೂ ಹಾಕಿ. ದುರಸ್ತಿಯಾದ ಮೇಲೆ ಅದೇ ಎಂಜಿನಿಯರ್ ಬಂದು, ಅದೇ ಬಾತ್‌ರೂಮಿಗೆ 24 ಗಂಟೆ, ಅದೇ ತಾರಸಿಗೆ 48 ಗಂಟೆ ಮತ್ತೆ ನೀರು ಕಟ್ಟಿ, ಕೆಳಗಿನ ಸೀಲಿಂಗ್ ಒಣಗಿದೆಯೆಂದು ತಾರೀಕು ಹಾಕಿ ಸಹಿ ಮಾಡಲಿ. ಕೊನೇ ಕಂತಿನ ಚೆಕ್ಕು ಆ ಸಹಿಯ ನಂತರ.